ಟ್ರಂಕಿನ ಫೋಟೋ, ಹಳೆಯ ಲ್ಯಾಪ್‌ಟಾಪ್, ಲಿನಕ್ಸ್: ನಮ್ಮ ಕೈಗೆ ಬಂದ ಒಂದು ಚರಿತ್ರೆ

ಕಳೆದ ಎರಡು ಮೂರು ವರ್ಷಗಳಿಂದ ಕುಟುಂಬದವರೂ ಊರಿನವರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಹಳೇ ಫೋಟೋ ಸರಿ ಮಾಡಬೇಕು, ಮದುವೆಯಲ್ಲಿ ತೆಗೆದದ್ದನ್ನು ಸ್ವಲ್ಪ ಚಂದ ಮಾಡಬೇಕು. ತುಂಬ ದುಡ್ಡಿಲ್ಲ. ಯಾವ ಲ್ಯಾಪ್‌ಟಾಪ್ ತೆಗೆಯುವುದು?" ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಕಂಪ್ಯೂಟರ್ ಅಲ್ಲ. ಆದರೆ ಮನೆಯಲ್ಲಿ ಲಿನಕ್ಸ್ ಬಳಸುವವನು ನಾನೊಬ್ಬನೇ ಆದ ಕಾರಣ ಪ್ರಶ್ನೆ ನನ್ನ ತಲೆಗೇ ಬೀಳುತ್ತದೆ.

ಇದಕ್ಕೆ ಒಂದು ಮಾಡೆಲಿನ ಹೆಸರು ಹೇಳಿ ಸುಮ್ಮನಾಗಬಹುದು. ಆರು ತಿಂಗಳಲ್ಲಿ ಆ ಮಾಡೆಲ್ ಅಂಗಡಿಯಲ್ಲಿ ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ. ಉಪ್ಪ ಉಪ್ಪಳದ ತಮ್ಮ ಜೀನಸಿನ ಅಂಗಡಿಯಲ್ಲಿ ಮೆಣಸು ಕೊಳ್ಳುವಾಗ ಮೊದಲು ಕೇಳುತ್ತಿದ್ದದ್ದು ದರವನ್ನಲ್ಲ. ಅದು ಎಲ್ಲಿಂದ ಬಂತು, ಯಾವಾಗ ಒಣಗಿಸಿದ್ದು ಎಂದು. ಮಾಲಿನ ಹಿಂದಿನ ಕತೆ ಗೊತ್ತಿದ್ದರೆ ದರ ಸರಿಯೋ ತಪ್ಪೋ ತಾನಾಗಿ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಬ್ಯಾರಿ ಎಂಬ ಹೆಸರೇ 'ಬ್ಯಾರ' ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರಿದ್ದಾರೆ. ಹಾಗಾದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್, ಲಿನಕ್ಸ್, ಫೋಟೋ ತಿದ್ದುವ ತಂತ್ರಾಂಶ ಈ ಮೂರು ಮಾಲು ಎಲ್ಲಿಂದ ಬಂದವು ಎಂದು ನೋಡುವುದು ನಮಗೆ ಹೊಸ ಅಭ್ಯಾಸವೇನಲ್ಲ.

ಮೊದಲು, ಫೋಟೋ ಯಾಕೆ?

ನಮ್ಮ ಮನೆಗಳಲ್ಲಿ ಗೋಡೆಗೆ ಫೋಟೋ ತೂಗು ಹಾಕುವ ಪದ್ಧತಿ ಕಡಿಮೆ. ಇದ್ದ ಫೋಟೋಗಳೆಲ್ಲ ಟ್ರಂಕಿನಲ್ಲಿ, ಪಾಸ್‌ಪೋರ್ಟ್, ಜಾಗದ ಆಧಾರ, ರೇಶನ್ ಕಾರ್ಡುಗಳ ನಡುವೆ ಇರುತ್ತವೆ. ಅವು ಹೆಚ್ಚಾಗಿ ಮೂರು ಬಗೆಯವು. ಒಂದು, ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನವು. ಎರಡು, ಕಾಗದಪತ್ರಕ್ಕಾಗಿ ತೆಗೆದ ಸಣ್ಣ ಫೋಟೋ. ಎಷ್ಟೋ ಅಜ್ಜಿಯಂದಿರ ಜೀವನದ ಒಂದೇ ಒಂದು ಫೋಟೋ ಹಜ್ಜಿನ ಪಾಸ್‌ಪೋರ್ಟಿಗೆ ತೆಗೆದದ್ದು. ಮೂರು, ಕೊಲ್ಲಿಯಿಂದ ಬಂದ ಬಣ್ಣದ ಪ್ರಿಂಟುಗಳು. 1970, 80ರ ದಶಕಗಳಲ್ಲಿ ದುಬೈ, ದಮ್ಮಾಮ್‌ಗಳಿಂದ ಪತ್ರದೊಳಗೆ ಇಟ್ಟು ಕಳುಹಿಸಿದವು. ಕಾರಿಗೆ ಒರಗಿ ನಿಂತದ್ದು, ರೂಮಿನಲ್ಲಿ ಟೇಪ್ ರೆಕಾರ್ಡರ್ ಪಕ್ಕ ಕೂತದ್ದು.

ಈ ಮೂರೂ ಈಗ ಹಾಳಾಗುತ್ತಿವೆ, ಒಂದೊಂದು ಒಂದೊಂದು ರೀತಿಯಲ್ಲಿ. ಕಪ್ಪು ಬಿಳುಪಿನ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ತೇವಕ್ಕೆ ಅಂಚಿನಲ್ಲಿ ಕನ್ನಡಿಯಂಥ ಹೊಳಪು ಬಂದು ಚಿತ್ರ ಮಸುಕಾಗುತ್ತದೆ. ಫೋಟೋದ ಮೇಲ್ಪದರ ಜೆಲಟಿನ್. ನಮ್ಮ ಕರಾವಳಿಯ ಮಳೆಗಾಲದ ಬೂಷ್ಟಿಗೆ ಅದೇ ಊಟ. ಬಣ್ಣದ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತದೆ: ನೀಲಿ-ಹಸಿರಿನ ಸಯಾನ್, ಕೆನ್ನೀಲಿಯ ಮಜೆಂಟಾ, ಹಳದಿ. ಆ ಕಾಲದ ಕಾಗದಗಳಲ್ಲಿ ಕತ್ತಲೆಯಲ್ಲಿ ಇಟ್ಟರೂ ಸಯಾನ್ ಬೇಗ ಸಾಯುತ್ತದೆ. ಅದಕ್ಕೇ ಹಳೆಯ ಗಲ್ಫ್ ಫೋಟೋಗಳೆಲ್ಲ ಕೆಂಪಾಗಿ ಕಾಣುವುದು. ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟರೂ ಅವು ಉಳಿಯುವುದಿಲ್ಲ.

ನನ್ನ ಉಮ್ಮನ ತವರಿನ ಟ್ರಂಕಿನಲ್ಲಿ 31 ಫೋಟೋ ಇದ್ದವು. ನಾನು ತೆರೆದಾಗ 9 ಒಂದಕ್ಕೊಂದು ಅಂಟಿ ಹೋಗಿದ್ದವು. ಬಿಡಿಸಿದರೆ ಮುಖವೇ ಕಿತ್ತು ಬರುತ್ತಿತ್ತು. ಉಳಿದವುಗಳಲ್ಲಿ ಒಂದು, ನನ್ನ ಮುತ್ತಜ್ಜಿ ಬಾಗಿಲ ಬಳಿ ಕೂತದ್ದು. ದೊಡ್ಡದು ಮಾಡಿ ನೋಡಿದಾಗ ಕಿವಿಯಲ್ಲಿ ಅಲಿಕತ್ತ್ ಸಾಲಾಗಿ ಕಂಡಿತು, ಸೊಂಟದಲ್ಲಿ ಬೆಳ್ಳಿಯ ಪಟ್ಟಿ. ಆ ಆಭರಣ ಮಾರಿ ಹೋಗಿ ಎಷ್ಟೋ ಕಾಲವಾಯಿತು. ನಮ್ಮಂಥವರ ಬಗ್ಗೆ ಬರೆದಿಟ್ಟ ದಾಖಲೆ ಕಡಿಮೆ. ಇಂಥ ನಾಲ್ಕು ಕಾಗದದ ತುಂಡುಗಳೇ ನಮ್ಮ ಚರಿತ್ರೆ. ಅವನ್ನು ಉಳಿಸುವ ಯಂತ್ರ ಬಡವರ ಕೈಗೆ ಎಟಕುವಂತೆ ಆದದ್ದು ಹೇಗೆ ಎಂಬುದನ್ನೇ ಈಗ ಹೇಳಹೊರಟದ್ದು.

ಒಂದು ಪ್ರಿಂಟರಿನ ಜಗಳ

ಕತೆ ಶುರುವಾಗುವುದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ. ಅಲ್ಲಿಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತ್ತು. ಅದು ಆಗಾಗ ಕಾಗದ ಸಿಕ್ಕಿ ನಿಲ್ಲುತ್ತಿತ್ತು. ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಹಿಂದಿನ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು: ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವ ಹಾಗೆ. ಹೊಸತಕ್ಕೂ ಹಾಗೆ ಮಾಡೋಣ ಎಂದರೆ ಅದರ ಮೂಲ ಸಂಕೇತವನ್ನೇ ಕಂಪನಿ ಕೊಟ್ಟಿರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದವರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ಎಂಬ ಉತ್ತರ ಬಂತು.

ಮೆಕ್ಯಾನಿಕ್ ಕೆಲಸ ಮಾಡುವವನಿಗೆ ಇದು ಕೂಡಲೇ ಅರ್ಥವಾಗುತ್ತದೆ. ಗಾಡಿಯ ಬಾನೆಟ್ಟಿಗೆ ವೆಲ್ಡಿಂಗ್ ಮಾಡಿ ಮಾರಿದ ಹಾಗೆ. ಗಾಡಿ ನಿಮ್ಮದು, ತೆರೆಯುವ ಹಕ್ಕು ಮಾತ್ರ ನಿಮ್ಮದಲ್ಲ.

1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ 'ಗ್ನು' ಎಂಬ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ತೆರೆದು ನೋಡಿ ತಿದ್ದಬಹುದಾದ, ಇತರರಿಗೆ ಹಂಚಬಹುದಾದ ಒಂದು ಪೂರ್ಣ ವ್ಯವಸ್ಥೆ ಅವರ ಗುರಿ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು. ಹೆಚ್ಚಿನ ಭಾಗಗಳು ತಯಾರಾದರೂ ನಡುವಿನ ಎಂಜಿನ್, ಅಂದರೆ ಕರ್ನಲ್, ಬಾಕಿ ಇತ್ತು. ಅದನ್ನು ಕೊಟ್ಟದ್ದು ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. 1991ರ ಆರಂಭದಲ್ಲಿ ಅವರು 386 ಪ್ರೊಸೆಸರಿನ ಒಂದು ಕಂಪ್ಯೂಟರನ್ನು ಕಂತು ಕಟ್ಟುವ ಒಪ್ಪಂದದ ಮೇಲೆ ಕೊಂಡಿದ್ದರು. ಅದೇ ವರ್ಷ ಆಗಸ್ಟ್ 25ರಂದು ತಾನು ಒಂದು ಸಣ್ಣ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ಇತರರಿಗೆ ತಿಳಿಸಿದರು. ಅದೇ ಲಿನಕ್ಸ್.

ವ್ಯಾಪಾರಿಗಳಾದ ನಾವು ಗಮನಿಸಬೇಕಾದ ಒಂದು ವಿಷಯ ಇಲ್ಲಿ ಉಂಟು. ಮೊದಲ ಲಿನಕ್ಸಿಗೆ, ಇದನ್ನು ಹಣಕ್ಕೆ ಮಾರಬಾರದು ಎಂಬ ಷರತ್ತಿತ್ತು. 1992ರಲ್ಲಿ ಟೋರ್ವಾಲ್ಡ್ಸ್ ಅದನ್ನು ಬದಲಿಸಿ ಸ್ಟಾಲ್ಮನ್ ಅವರ ಜಿಪಿಎಲ್ ಪರವಾನಗಿಗೆ ತಂದರು. ಮಾರಬಹುದು, ಲಾಭ ಮಾಡಬಹುದು. ಆದರೆ ಕೊಂಡವನಿಗೆ ಮೂಲ ಸಂಕೇತವನ್ನೂ ಅದೇ ಹಕ್ಕನ್ನೂ ಕೊಡಬೇಕು. ಲಿನಕ್ಸ್ ಹರಡಿದ್ದಕ್ಕೆ ಈ ಬದಲಾವಣೆ ಒಂದು ದೊಡ್ಡ ಕಾರಣ. ವ್ಯಾಪಾರವನ್ನು ಹೊರಗಿಟ್ಟಿದ್ದರೆ ಅದು ನಾಲ್ಕು ವಿದ್ಯಾರ್ಥಿಗಳ ಆಟಿಕೆಯಾಗಿಯೇ ಉಳಿಯುತ್ತಿತ್ತೋ ಏನೋ.

ಫೋಟೋ ತಿದ್ದುವ ಕೈಗಳು

ಫೋಟೋಶಾಪ್ 1990ರಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಬರೆದವರು ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು. ಕೆಲಸದಲ್ಲಿ ಅದಕ್ಕೆ ಎದುರಿಲ್ಲ, ಅದನ್ನು ಒಪ್ಪಬೇಕು. ಆದರೆ ಬೆಲೆ ನಮ್ಮಂಥವರಿಗೆ ಸಿಗುವಂಥದ್ದಾಗಿರಲಿಲ್ಲ. ನಮ್ಮ ಪೇಟೆಗಳಲ್ಲಿ ಓಡಾಡಿದ್ದು ಹೆಚ್ಚಾಗಿ ಕದ್ದ ಪ್ರತಿಗಳೇ. 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಚಂದಾ ಮೇಲೆ ಮಾತ್ರ ಕೊಡತೊಡಗಿತು. ಅಂಗಡಿ ಬಾಡಿಗೆಯ ಹಾಗೆ. ತಿಂಗಳ ಹಣ ನಿಂತರೆ ಬಾಗಿಲು ಮುಚ್ಚುತ್ತದೆ. ದಿನಾ ಅದರಿಂದ ದುಡಿಯುವ ಸ್ಟುಡಿಯೋದವರಿಗೆ ಆ ಲೆಕ್ಕ ಸರಿ. ವರ್ಷಕ್ಕೆ ನಾಲ್ಕು ಬಾರಿ ಟ್ರಂಕ್ ತೆರೆಯುವ ಮನೆಗೆ ಸರಿಯಲ್ಲ.

ಇದಕ್ಕೆ ಎದುರಾಗಿ ಬೆಳೆದದ್ದು ಗಿಂಪ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು 1995ರಲ್ಲಿ ಕೈ ಹಾಕಿದ ಕೆಲಸ ಅದು. 1996ರ ಆರಂಭದಲ್ಲಿ ಸಾರ್ವಜನಿಕರಿಗೆ ಸಿಕ್ಕಿತು, 1998ರಲ್ಲಿ 1.0 ಬಂತು. ಅದರ ಗುಂಡಿ, ಕಿಟಕಿಗಳನ್ನು ಬಿಡಿಸಲು ಮಾಡಿಕೊಂಡ ಸಲಕರಣೆಯ ಹೆಸರು ಜಿಟಿಕೆ. ಮುಂದೆ ಗ್ನೋಮ್ ಎಂಬ ಇಡೀ ಡೆಸ್ಕ್‌ಟಾಪ್ ಅದೇ ಸಲಕರಣೆಯ ಮೇಲೆ ಎದ್ದು ನಿಂತಿತು. ಇಂದು ಲಿನಕ್ಸ್ ಹಾಕಿದರೆ ಕಾಣುವ ಪರದೆಯ ಬೇರು ಹೀಗೆ ಒಂದು ಫೋಟೋ ತಿದ್ದುವ ತಂತ್ರಾಂಶದಲ್ಲಿ ಉಂಟು.

ಗಿಂಪಿಗೆ ಬಹಳ ಕಾಲ ಒಂದು ಕೊರತೆ ಇತ್ತು. ಪ್ರತಿ ಬಣ್ಣಕ್ಕೆ ಅದು 8 ಬಿಟ್ ಮಾತ್ರ ಇಟ್ಟುಕೊಳ್ಳುತ್ತಿತ್ತು, ಅಂದರೆ ಕತ್ತಲೆಯಿಂದ ಬೆಳಕಿಗೆ 256 ಮೆಟ್ಟಿಲು. ಸಾದಾ ಫೋಟೋಗೆ ಅಷ್ಟು ಸಾಕು. ಆದರೆ ಬಣ್ಣ ಸತ್ತ ಗಲ್ಫ್ ಫೋಟೋದಲ್ಲಿ ಇಡೀ ಚಿತ್ರ ಸುಮಾರು 60 ಮೆಟ್ಟಿಲುಗಳ ಒಳಗೆ ಕುಗ್ಗಿರಬಹುದು. ಅದನ್ನು ಎಳೆದು 256ಕ್ಕೆ ಹರಡಿದರೆ ನಡುವೆ ಖಾಲಿ ಜಾಗ ಬಿದ್ದು ಆಕಾಶದಲ್ಲಿ ಪಟ್ಟಿ ಪಟ್ಟಿ ಕಾಣುತ್ತದೆ. 2018ರ ಏಪ್ರಿಲಿನಲ್ಲಿ ಬಂದ 2.10 ಆವೃತ್ತಿ ಈ ತೊಂದರೆಯನ್ನು ತೀರಿಸಿತು. 32 ಬಿಟ್‌ವರೆಗೆ ಕೆಲಸ ಮಾಡಬಹುದಾಯಿತು. 2025ರ ಮಾರ್ಚಿನಲ್ಲಿ 3.0 ಬಂತು. ಹಳೆಯ ಗಿಂಪ್ ನೋಡಿ ಇದು ಆಗದು ಎಂದು ಬಿಟ್ಟವರು ಈಗ ಇನ್ನೊಮ್ಮೆ ನೋಡಬಹುದು.

ಕ್ಯಾಮರಾದ ರಾ ಫೈಲುಗಳದ್ದು ಬೇರೆ ಕತೆ. ಪ್ರತಿ ಕಂಪನಿಯೂ ತನ್ನದೇ ಗುಟ್ಟಿನ ಬಗೆಯಲ್ಲಿ ಫೈಲು ಬರೆಯುತ್ತಿತ್ತು. 1997ರಲ್ಲಿ ಡೇವ್ ಕಾಫಿನ್ ಎಂಬವರು ಅವನ್ನು ಒಂದೊಂದಾಗಿ ಬಿಡಿಸುವ 'ಡಿಸಿರಾ' ಎಂಬ ಸಣ್ಣ ಪ್ರೋಗ್ರಾಂ ಬರೆಯಲು ಕುಳಿತರು. ಇಪ್ಪತ್ತು ವರ್ಷ ಹೊಸ ಹೊಸ ಕ್ಯಾಮರಾಗಳನ್ನು ಸೇರಿಸುತ್ತ ಹೋದರು. ಬುಡಾಪೆಸ್ಟಿನ ಗಾಬೋರ್ ಹೋರ್ವಾತ್ ಶುರು ಮಾಡಿದ ರಾಥೆರಪಿ 2010ರಲ್ಲಿ ಜಿಪಿಎಲ್ ಅಡಿಗೆ ಬಂತು. 2009ರಲ್ಲಿ ಯೋಹಾನೆಸ್ ಹನಿಕಾ ಡಾರ್ಕ್‌ಟೇಬಲ್ ಶುರು ಮಾಡಿದರು. ಸೆಕೆಂಡ್ ಹ್ಯಾಂಡ್ ಕ್ಯಾನನ್ ಅಥವಾ ನಿಕಾನ್ ಹಿಡಿದು ಮದುವೆ ಮನೆಯಲ್ಲಿ ಪುದಿಯಾಪ್ಳೆಯ ಫೋಟೋ ತೆಗೆಯುವ ನಮ್ಮ ಹುಡುಗರಿಗೆ ಇವೆರಡರಲ್ಲಿ ಒಂದು ಸಾಕು.

ಅಗ್ಗದ ಯಂತ್ರದ ಕನಸು

ತಂತ್ರಾಂಶ ಪುಕ್ಕಟೆ ಸಿಕ್ಕಿದರೂ ಯಂತ್ರ ಪುಕ್ಕಟೆ ಅಲ್ಲ. ಇಲ್ಲಿ ಮೊದಲ ಹೆಜ್ಜೆಗಳಲ್ಲಿ ಒಂದು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. ಕೈಯಲ್ಲಿ ಹಿಡಿಯುವ, ಲಿನಕ್ಸ್ ಮೇಲೆ ಓಡುವ, ಅಕ್ಷರ ಬಾರದವರಿಗೂ ಭಾರತೀಯ ಭಾಷೆಯಲ್ಲಿ ಓದಿ ಹೇಳುವ ಯಂತ್ರ. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಅಂಗಡಿಗೂ ಬಂತು. ಆದರೆ ಮಾರಾಟವಾಗಲಿಲ್ಲ.

2005ರ ಜನವರಿಯಲ್ಲಿ ನಿಕೊಲಸ್ ನೆಗ್ರೊಪಾಂಟೆ 100 ಡಾಲರಿನ ಲ್ಯಾಪ್‌ಟಾಪನ್ನು ಮಕ್ಕಳಿಗೆ ಕೊಡುವ ಮಾತೆತ್ತಿದರು. 2007ರಲ್ಲಿ ಕಾರ್ಖಾನೆಯಿಂದ ಬರುವಾಗ ಬೆಲೆ 188 ಡಾಲರ್ ಆಗಿತ್ತು. ನಮ್ಮ ಕೇಂದ್ರ ಸರಕಾರದ ಶಿಕ್ಷಣದ ಅಧಿಕಾರಿಗಳು ಅದಕ್ಕೂ ಮೊದಲೇ, 2006ರಲ್ಲಿ, ಇದು ಬೇಡ ಎಂದಿದ್ದರು. ಆದರೆ ಆ ಕನಸು ಕಂಪನಿಗಳಿಗೆ ಒಂದು ಪಾಠ ಕಲಿಸಿತು: ಅಗ್ಗದ ಸಣ್ಣ ಲ್ಯಾಪ್‌ಟಾಪಿಗೆ ಗಿರಾಕಿ ಇದ್ದಾರೆ. 2007ರ ಕೊನೆಗೆ ಏಸಸ್ ತನ್ನ ಈ ಪಿಸಿ 701 ತಂದಿತು. ಲಿನಕ್ಸ್ ಹಾಕಿಯೇ ಮಾರಿದ್ದು. 7 ಇಂಚಿನ ಪರದೆ, 512 ಎಂಬಿ ರ್‍ಯಾಮ್, 4 ಜಿಬಿ ಜಾಗ, ಒಂದು ಕಿಲೋಕ್ಕಿಂತ ಕಡಿಮೆ ತೂಕ. ನೆಟ್‌ಬುಕ್ ಎಂಬ ಹೆಸರು ಎಲ್ಲೆಡೆ ಹರಡಿತು. ಆದರೆ ಎತ್ತರ 480 ಚುಕ್ಕಿ ಮಾತ್ರ ಇದ್ದ ಆ ಪರದೆಯಲ್ಲಿ ಗಿಂಪಿನ ಕಿಟಕಿ ತೆರೆದರೆ ಕೆಳಗಿನ 'ಓಕೆ' ಗುಂಡಿಯೇ ಕಾಣುತ್ತಿರಲಿಲ್ಲ. ಕಾಗದ ಬರೆಯಲು ಆಗುತ್ತಿತ್ತು, ಫೋಟೋಗೆ ಆಗುತ್ತಿರಲಿಲ್ಲ. ಸ್ವಲ್ಪ ಕಾಲದಲ್ಲಿ ನೆಟ್‌ಬುಕ್‌ಗಳಿಗೆ ವಿಂಡೋಸ್ ಎಕ್ಸ್‌ಪಿ ಬಂತು, ಲಿನಕ್ಸ್ ಅಂಗಡಿಯ ಕಪಾಟಿನಿಂದ ಇಳಿಯಿತು. ಆಮೇಲೆ ಟ್ಯಾಬ್ಲೆಟ್ ಬಂದು ನೆಟ್‌ಬುಕ್‌ನ ಕತೆಯೂ ಮುಗಿಯಿತು.

ಇದರಿಂದ ಕಲಿಯುವುದು ಇಷ್ಟು: ಅಗ್ಗ ಆಗಲೆಂದೇ ಮಾಡಿದ ಯಂತ್ರ ಫೋಟೋ ಕೆಲಸಕ್ಕೆ ಹೆಚ್ಚಾಗಿ ಒದಗಿಲ್ಲ. ಇಂದಿನ ಅತಿ ಅಗ್ಗದ ಹೊಸ ಲ್ಯಾಪ್‌ಟಾಪಿಗೂ ಈ ಮಾತು ಹೊಂದುತ್ತದೆ.

ಗಡಿಯ ಈಚೆ ನಮ್ಮ ಪಾಲಿಗೆ ಬಂದದ್ದು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಕನ್ನಡದವರಾದ ನಮಗೆ ಏನು ಹೋಯಿತು ಎಂದು ಬಹಳ ಬರೆದಿದ್ದಾರೆ. ಬಂದ ಒಂದು ವಸ್ತುವಿನ ಬಗ್ಗೆ ನಾನು ಬರೆಯುತ್ತೇನೆ. ಅದು ಲಿನಕ್ಸ್.

2001ರಲ್ಲಿ ಕೇರಳ ಸರಕಾರ 'ಐಟಿ ಅಟ್ ಸ್ಕೂಲ್' ಯೋಜನೆ ಶುರು ಮಾಡಿತು. ಅದೇ ವರ್ಷ ಜುಲೈಯಲ್ಲಿ ತಿರುವನಂತಪುರದಲ್ಲಿ, ಸ್ಟಾಲ್ಮನ್ ಅವರೇ ಬಂದು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಯಾಯಿತು. ಮಕ್ಕಳಿಗೆ ಒಂದೇ ಕಂಪನಿಯ ತಂತ್ರಾಂಶ ಕಲಿಸುವುದಕ್ಕೆ ಶಿಕ್ಷಕರ ಸಂಘಟನೆಗಳಿಂದಲೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರಿಂದಲೂ ಆಕ್ಷೇಪ ಬಂತು. ಆ ದಶಕದ ನಡುವಿನಿಂದ ಶಾಲೆಗಳು ಒಂದೊಂದಾಗಿ ಗ್ನು/ಲಿನಕ್ಸಿಗೆ ತಿರುಗಿದವು. ನಾನು ಹೈಸ್ಕೂಲಿನಲ್ಲಿದ್ದದ್ದು ಸರಿಯಾಗಿ ಆಗ. ಒಂದು ಕಂಪ್ಯೂಟರಿಗೆ ಐದು ಮಂದಿ, ಇಲಿ ಹಿಡಿಯಲು ಪಾಳಿ. ಆದರೆ ಕನ್ನಡ ಮಾಧ್ಯಮದ ನಮ್ಮ ಲ್ಯಾಬಿನಲ್ಲೂ ಮಲಯಾಳ ಮಾಧ್ಯಮದವರ ಲ್ಯಾಬಿನಲ್ಲೂ ಇದ್ದದ್ದು ಒಂದೇ ವ್ಯವಸ್ಥೆ. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. ಈಗ ನನ್ನ ತಂಗಿಯ ಮಗಳು ಶಾಲೆಯ ಐಸಿಟಿ ಪಾಠದಲ್ಲೇ ಗಿಂಪ್ ಕಲಿಯುತ್ತಾಳೆ, ಅದೂ ಕನ್ನಡ ಪುಸ್ತಕದಲ್ಲಿ. ಗಡಿಯಾಚೆ ಮಂಗಳೂರಿನಲ್ಲಿರುವ ಅವಳ ವಯಸ್ಸಿನ ನೆಂಟರ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ.

ಇತರ ಗಡಿಗಳಲ್ಲೂ ಸ್ವಲ್ಪ ಸ್ವಲ್ಪ ಇಂಥದ್ದು ನಡೆದಿದೆ. ತಮಿಳುನಾಡು 2011ರಿಂದ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತು. ಅವುಗಳಲ್ಲಿ ವಿಂಡೋಸ್ ಜೊತೆಗೆ ಲಿನಕ್ಸೂ ಇತ್ತು. ಹೊಸೂರು, ತಾಳವಾಡಿಯ ಸರಕಾರಿ ಶಾಲೆಯ ಕನ್ನಡದ ಮಕ್ಕಳೂ ಆ ಹಂಚಿಕೆಯ ಒಳಗಿನವರೇ.

ನಾನು ಡಿಪ್ಲೊಮಾಗೆ ಸೇರಿದಾಗ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಉಬುಂಟು ಎಂಬ ಲಿನಕ್ಸ್ 2004ರ ಅಕ್ಟೋಬರಿನಲ್ಲಿ ಹುಟ್ಟಿತ್ತು. ವಿಳಾಸ ಕೊಟ್ಟರೆ ಸೀಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳುಹಿಸುತ್ತಿದ್ದರು. 2011ರವರೆಗೂ ಹಾಗೆ ನಡೆಯಿತು. ನಮ್ಮ ಅಂಗಡಿಯ ವಿಳಾಸಕ್ಕೆ ಪೋಸ್ಟ್‌ಮ್ಯಾನ್ ಅದನ್ನು ತಂದಾಗ ಉಪ್ಪ ಲಕೋಟೆ ತಿರುಗಿಸಿ ನೋಡಿ ಕೇಳಿದರು: "ದುಡ್ಡು ತೆಗೆದುಕೊಳ್ಳದೆ ಕಳುಹಿಸಿದ್ದಾರಲ್ಲ, ಇವರಿಗೆ ಗಿಟ್ಟುವುದು ಹೇಗೆ?" ಅದು ಒಳ್ಳೆಯ ಪ್ರಶ್ನೆ. ಸರ್ವರ್ ನಡೆಸುವ ಕಂಪನಿಗಳಿಗೆ ಸೇವೆ ಕೊಟ್ಟು ಹಣ ಮಾಡುತ್ತಾರೆ, ನಮ್ಮಂಥವರಿಗೆ ಮಾದರಿ ಹಂಚುತ್ತಾರೆ ಎಂದೆ. ಸಾಬೂನಿನ ಕಂಪನಿಯವರು ಮಾಡುವುದೂ ಅದನ್ನೇ ಎಂದು ಹೇಳಿ ಅವರು ಗಿರಾಕಿಯ ಕಡೆ ತಿರುಗಿದರು.

ಹಾಗಾದರೆ ಈಗ ಯಾವುದು?

ಇಷ್ಟು ಚರಿತ್ರೆ ಗೊತ್ತಾದ ಮೇಲೆ ನನ್ನ ಉತ್ತರ ಸುಲಭ. ಅಗ್ಗಕ್ಕೆಂದು ಮಾಡಿದ ಹೊಸತು ಬೇಡ. ದುಬಾರಿಗೆಂದು ಮಾಡಿ ಈಗ ಅಗ್ಗವಾದ ಹಳತು ಬೇಕು.

ದೊಡ್ಡ ಕಂಪನಿಗಳು ನೌಕರರಿಗೆ ಕೊಡುವ ಲ್ಯಾಪ್‌ಟಾಪ್‌ಗಳನ್ನು, ಲೆನೊವೋ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಬಗೆಯವನ್ನು, ಮೂರರಿಂದ ಐದು ವರ್ಷಕ್ಕೆ ಬದಲಿಸುತ್ತವೆ. ಹಳತು ಮೂಟೆ ಮೂಟೆಯಾಗಿ ಮಾರುಕಟ್ಟೆಗೆ ಬರುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11, ಇಂಟೆಲ್‌ನ ಸುಮಾರು 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಒಪ್ಪಲಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಒಂದೇ ಸಲಕ್ಕೆ 'ಹಳತು' ಆದವು. ಲಿನಕ್ಸಿಗೆ ಈ ಗಡಿ ಇಲ್ಲ. ಇನ್ನೊಬ್ಬರು ಬೇಡವೆಂದು ಇಳಿಸಿದ ಒಳ್ಳೆಯ ಮಾಲು ಎಲ್ಲಿ ಉಂಟು ಎಂದು ಹುಡುಕುವುದು ನಮಗೆ ಕಲಿಸಿಕೊಡಬೇಕಾದ ವಿದ್ಯೆಯಲ್ಲ.

ಕೊಳ್ಳುವಾಗ ನಾನು ನೋಡುವ ಕ್ರಮ ಇದು.

ಮೊದಲು ಪರದೆ. ಫೋಟೋ ಕೆಲಸಕ್ಕೆ ಪ್ರೊಸೆಸರಿಗಿಂತ ಪರದೆ ಮುಖ್ಯ. 1366×768 ಪರದೆಯಲ್ಲಿ ಸುಮಾರು 10 ಲಕ್ಷ ಚುಕ್ಕಿ, 1920×1080ರಲ್ಲಿ 20 ಲಕ್ಷ, ಎರಡನೆಯದೇ ಬೇಕು. ಐಪಿಎಸ್ ಬಗೆಯದ್ದಾಗಿರಲಿ. ಹಳೆಯ ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಎತ್ತಿದರೆ ಮುಖದ ಬಣ್ಣವೇ ಬದಲಾಗುತ್ತದೆ. ಅದರ ಮೇಲೆ ಬಣ್ಣ ತಿದ್ದುವುದೆಂದರೆ ಅಲುಗಾಡುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆ ಈಗಲೂ ನಡೆಯುತ್ತಿದೆ. ಅದರ ಪೂರ್ತಿ ಬಣ್ಣ ತೋರಿಸುವ ಪರದೆ ಸಿಕ್ಕಿದರೆ ಒಳ್ಳೆಯದು. ವಿವರದಲ್ಲಿ '45% ಎನ್‌ಟಿಎಸ್‌ಸಿ' ಎಂದಿದ್ದರೆ ಅದು ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ಇಲ್ಲ ಎಂದು ತಿಳಿಯಿರಿ. ಆಗ ಮನೆಯಲ್ಲಿ ಒಂದು ಒಳ್ಳೆಯ ಐಪಿಎಸ್ ಮಾನಿಟರ್ ಜೋಡಿಸಿಕೊಳ್ಳುವುದು ಲಾಭ.

ಎರಡನೆಯದು ರ್‍ಯಾಮ್. ಲೆಕ್ಕ ಹಾಕಿ ನೋಡೋಣ. 4×6 ಇಂಚಿನ ಫೋಟೋವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2400×3600, ಅಂದರೆ 86 ಲಕ್ಷ ಚುಕ್ಕಿ. ಗಿಂಪಿನಲ್ಲಿ 32 ಬಿಟ್ ಇಟ್ಟುಕೊಂಡರೆ ಒಂದು ಚುಕ್ಕಿಗೆ 16 ಬೈಟ್. ಒಂದು ಪದರಕ್ಕೆ ಸುಮಾರು 138 ಎಂಬಿ ಆಯಿತು. ಐದು ಪದರ, ಅದರ ಮೇಲೆ ಹಿಂದಕ್ಕೆ ಹೋಗುವ ನೆನಪು, ಜೊತೆಗೆ ಬ್ರೌಸರ್. 8 ಜಿಬಿಯಲ್ಲಿ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ರ್‍ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದೋ, ತೆಗೆದು ಹಾಕಬಹುದಾದದ್ದೋ ಎಂದು ಕೇಳಿ. ತೆಗೆಯಲು ಬರುವುದಾದರೆ ಇವತ್ತು 8, ಕೈಯಲ್ಲಿ ದುಡ್ಡು ಆದಾಗ ಇನ್ನೊಂದು 8.

ಮೂರನೆಯದು ಪ್ರೊಸೆಸರ್. ಇಂಟೆಲ್‌ನ 7ನೇ ತಲೆಮಾರಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳ ಐ5 ಎರಡು ಕೋರಿನದು. 2017ರಲ್ಲಿ ಬಂದ 8ನೇ ತಲೆಮಾರಿನಿಂದ ನಾಲ್ಕು. ಡಾರ್ಕ್‌ಟೇಬಲ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ದರದಲ್ಲಿ ಸ್ವಲ್ಪವೇ ಅಂತರ ಇದ್ದರೆ 8ನೆಯದನ್ನೇ ತೆಗೆದುಕೊಳ್ಳಿ.

ನಾಲ್ಕನೆಯದು ಲಿನಕ್ಸಿನೊಡನೆ ಹೊಂದಾಣಿಕೆ. ಇಂಟೆಲ್ ವೈಫೈ, ಇಂಟೆಲ್ ಅಥವಾ ಎಎಮ್‌ಡಿ ಗ್ರಾಫಿಕ್ಸ್ ಇದ್ದರೆ ಚಾಲಕ ತಂತ್ರಾಂಶ ಲಿನಕ್ಸಿನ ಒಳಗೇ ಬರುತ್ತದೆ. ಎನ್ವಿಡಿಯಾ ಬಹುಕಾಲ ತನ್ನದನ್ನು ಮುಚ್ಚಿಟ್ಟಿತ್ತು. 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಆ ಕಂಪನಿಗೆ ಬೆರಳೆತ್ತಿ ಬೈದದ್ದು ಪ್ರಸಿದ್ಧ. 2022ರಲ್ಲಿ ಅದು ಕರ್ನಲ್ ಭಾಗವನ್ನು ತೆರೆದಿಟ್ಟಿತು. ಆದರೂ ನಮ್ಮ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಅದಕ್ಕೆ ಕೊಡುವ ಹಣವನ್ನು ಪರದೆಗೆ ಹಾಕಿ.

ಕೊನೆಯದು, ಅಂಗಡಿಯಲ್ಲೇ ಪರೀಕ್ಷೆ. ಇದು ಲಿನಕ್ಸ್ ಕೊಟ್ಟ ದೊಡ್ಡ ಅನುಕೂಲ. ಪೆನ್‌ಡ್ರೈವಿಗೆ ಉಬುಂಟು ಅಥವಾ ಮಿಂಟ್ ಹಾಕಿಕೊಂಡು ಹೋಗಿ, ಇನ್‌ಸ್ಟಾಲ್ ಮಾಡದೆಯೇ ಅದರಿಂದ ಲ್ಯಾಪ್‌ಟಾಪನ್ನು ಚಾಲೂ ಮಾಡಿ. ವೈಫೈ ಹಿಡಿಯುತ್ತದೋ, ಸದ್ದು ಬರುತ್ತದೋ, ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೋ ನೋಡಿ. ಬ್ಯಾಟರಿ ವಿವರದಲ್ಲಿ ಹೊಸತಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ಪೂರ್ತಿ ಬಿಳಿ ಚಿತ್ರ ತೆರೆದು ಪರದೆಯಲ್ಲಿ ಕಲೆ ಉಂಟೋ ನೋಡಿ. ಇಪ್ಪತ್ತು ನಿಮಿಷ ಸಾಕು. ಇದಕ್ಕೆ ಒಪ್ಪದ ಅಂಗಡಿಯವರಾದರೆ ಪಕ್ಕದ ಅಂಗಡಿ ಉಂಟು. ನನ್ನ ಈಗಿನ ಯಂತ್ರ, ಎರಡು ಬ್ಯಾಟರಿಯ ಹಳೆಯ ಥಿಂಕ್‌ಪ್ಯಾಡ್ ಟಿ480, ಹೀಗೆ ಪರೀಕ್ಷೆ ಮಾಡಿ ತಂದದ್ದು. ಆಗ ನಾನು ಕೊಟ್ಟದ್ದು 25 ಸಾವಿರದ ಒಳಗೆ.

ಯಂತ್ರ ಬಂದ ಮೇಲೆ

ಫ್ಲಾಟ್‌ಬೆಡ್ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು 'ಸೇನ್' ಎಂಬ ಲಿನಕ್ಸ್ ವ್ಯವಸ್ಥೆಯ ಮೂಲಕ ನಡೆಯುತ್ತವೆ; ಕೊಳ್ಳುವ ಮೊದಲು ಆ ಮಾಡೆಲ್ ಅದರ ಪಟ್ಟಿಯಲ್ಲಿ ಉಂಟೋ ನೋಡಿಕೊಳ್ಳಿ. ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು 1200 ಡಿಪಿಐಯಲ್ಲಿ ತೆಗೆಯಿರಿ. ಒಂದಕ್ಕೊಂದು ಅಂಟಿದವನ್ನು ಎಳೆಯಬೇಡಿ. ಕೆಂಪಾದ ಗಲ್ಫ್ ಫೋಟೋಗೆ ಗಿಂಪಿನ ಲೆವೆಲ್ಸ್ ತೆರೆದು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಸರಿಮಾಡಿ. ಬಿಳಿ ಅಂಗಿ ಬಿಳಿಯಾದರೆ ಮುಖವೂ ದಾರಿಗೆ ಬರುತ್ತದೆ. ತಿದ್ದದ ಮೂಲ ಸ್ಕ್ಯಾನನ್ನು ಬೇರೆಯೇ ಇಡಿ, ಅದನ್ನು ಮುಟ್ಟಬೇಡಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಇನ್ನೊಂದು ಊರಿನ ನೆಂಟರ ಮನೆಯಲ್ಲಿ.

ಆಮೇಲೆ ಹೆಸರು. ಡಿಜಿಕ್ಯಾಮ್ ಎಂಬ ತಂತ್ರಾಂಶದಲ್ಲಿ ಪ್ರತಿ ಫೋಟೋಗೆ ಕನ್ನಡದಲ್ಲೇ ವಿವರ ಬರೆಯಬಹುದು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ. ಬ್ಯಾರಿ ಮಾತನ್ನು ನಾವು ಬಹುಕಾಲದಿಂದ ಕನ್ನಡ ಲಿಪಿಯಲ್ಲಿ ಬರೆಯುತ್ತ ಬಂದವರು. ಹಾಗಾಗಿ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಬಹುದು: ಎಡದಿಂದ ಎರಡನೆಯವರು ಯಾರು, ಯಾವ ಮನೆಯ ಮದುವೆ, ಆ ಅಂಗಿ ಬೊಂಬಾಯಿಯಿಂದ ತಂದದ್ದೋ ದುಬೈಯಿಂದ ಬಂದದ್ದೋ.

ಉಮ್ಮನ ತವರಿನ ಟ್ರಂಕಿನಲ್ಲಿ ಉಳಿದ 22 ಫೋಟೋಗಳನ್ನು ಸ್ಕ್ಯಾನ್ ಮಾಡಲು ಎರಡು ಸಂಜೆ ಸಾಕಾಯಿತು. ಅದರಲ್ಲಿದ್ದವರನ್ನು ಗುರುತಿಸಲು ನಾಲ್ಕು ತಿಂಗಳು ಬೇಕಾಯಿತು. ಐದು ಮುಖಗಳಿಗೆ ಇನ್ನೂ ಹೆಸರಿಲ್ಲ. ಗುರುತಿಸಬಲ್ಲವರು ಈಗ ಇಬ್ಬರೇ. ಒಬ್ಬರಿಗೆ 81, ಇನ್ನೊಬ್ಬರಿಗೆ 84. ಲ್ಯಾಪ್‌ಟಾಪ್ ಮುಂದಿನ ವರ್ಷ ಇನ್ನೂ ಅಗ್ಗವಾಗಬಹುದು, ಅದಕ್ಕೆ ಕಾಯಬಹುದು. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡುವುದಕ್ಕೆ ಕಾಯಬೇಡಿ. ಈ ವಾರ ಮನೆಯ ಹಿರಿಯರ ಮುಂದೆ ಟ್ರಂಕ್ ತೆರೆಯಿರಿ.